ಬಣ್ಣ ಬಿಡುವ ಉಣ್ಣೆ, ಗರಿಗರಿ ರೇಷ್ಮೆ: ದೋಷ ಎಲ್ಲಿದೆ ಅಂತ ಪತ್ತೆ ಹಚ್ಚುವುದು ಹೇಗೆ?

ಬಣ್ಣ ಹಾಕಿದ ಉಣ್ಣೆ ಕೈಗೆ ಮೆತ್ತಿಕೊಂಡರೆ, ನೂಲುವಾಗ ಎಳೆ ಕಡಿದುಹೋದರೆ, ಫೆಲ್ಟ್ ಮಾಡುವಾಗ (ಅಂದರೆ ಸೋಪು ನೀರಲ್ಲಿ ಉಜ್ಜಿ ಉಣ್ಣೆಯನ್ನು ಗಟ್ಟಿ ಹಾಳೆಯಂತೆ ಕಟ್ಟುವಾಗ) ನೊರೆಯೆಲ್ಲ ಕೆಂಪಾದರೆ ಎಲ್ಲರೂ ಮೊದಲು ಬೈಯುವುದು ಬಣ್ಣದ ಪುಡಿಯನ್ನು. ಅಂಗಡಿಯವರಿಗೂ ನಾಲ್ಕು ಮಾತು ಬೀಳುತ್ತವೆ. ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆ ಮೊದಲು ಅನುಮಾನ ಪಡಬೇಕಾದ್ದು ಕೊಳವೆಬಾವಿ ನೀರಿನ ಮೇಲೆ. ನೀರು ಸರಿಯಿದ್ದರೆ ಎಳೆಯ ಮೇಲೆ ಉಳಿದ ಜಿಡ್ಡು, ಅಂಟು ನೋಡಬೇಕು. ಪುಡಿಯ ಸರದಿ ಬರುವುದು ಅದಾದ ಮೇಲೆ.

ಶಿಡ್ಲಘಟ್ಟದಿಂದ ರೇಷ್ಮೆ ತ್ಯಾಜ್ಯವನ್ನೋ ಚಿಟ್ಟೆ ಹೊರಟ ತೂತು ಗೂಡನ್ನೋ ತಂದು, ಶಿರಾ, ಪಾವಗಡ ಕಡೆಯ ಕುರಿ ಉಣ್ಣೆಯನ್ನೋ ಹೊರಗಿನ ನಯವಾದ ಮೆರಿನೊ ಉಣ್ಣೆಯನ್ನೋ ಜೊತೆಗಿಟ್ಟುಕೊಂಡು, ಮನೆಯಲ್ಲೇ ಅರ್ಧ ಕಿಲೋ, ಒಂದು ಕಿಲೋ ಬಣ್ಣ ಹಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಉಣ್ಣೆ, ರೇಷ್ಮೆ ಎರಡೂ ಪ್ರೋಟೀನ್ ಎಳೆಗಳು. ಹಾಗಾಗಿ ಇಲ್ಲಿ ಮುಖ್ಯವಾಗಿ ಆಸಿಡ್ ಡೈಗಳ, ಅಂದರೆ ಹುಳಿ ನೀರಿನಲ್ಲಿ ಎಳೆಗೆ ಹಿಡಿಯುವ ಬಣ್ಣದ ಪುಡಿಗಳ ಮಾತು. ಗಿಡಮೂಲದ ಬಣ್ಣಗಳ ವಿಷಯ ಕೊನೆಯಲ್ಲಿದೆ.

ಒಂದು ಕೆಲಸ ಮಾತ್ರ ಖಂಡಿತ ಮಾಡಬೇಡಿ. ಕೆಟ್ಟ ಲಾಟನ್ನು ತಕ್ಷಣ ಮತ್ತೆ ಹಂಡೆಗೆ ಹಾಕಿ, ಇನ್ನೊಂದು ಚಮಚ ಬಣ್ಣ ಸುರಿಯಬೇಡಿ. ಅಲ್ಲಿಗೆ ಸುಳಿವೆಲ್ಲ ಅಳಿಸಿಹೋಗುತ್ತದೆ. ಒಂದು ಹಿಡಿ ಎಳೆ ಬೇರೆ ಇಡಿ, ಉಳಿದ ಬಣ್ಣದ ನೀರನ್ನು ಒಂದು ಗಾಜಿನ ಲೋಟದಲ್ಲಿ ತೆಗೆದಿಡಿ. ಎಳೆ ಹೇಳದ್ದನ್ನು ಎಷ್ಟೋ ಸಲ ಆ ಲೋಟ ಹೇಳುತ್ತದೆ.

ಮೊದಲು ನೀರು

ಬೇಳೆ ಬೇಯದ ನೀರು, ಗೀಸರ್ ಕಾಯಿಲ್ ಮೇಲೆ ಬೆಳ್ಳಗೆ ಸುಣ್ಣ ಕಟ್ಟುವ ನೀರು ನಿಮ್ಮ ಮನೆಯದ್ದಾದರೆ ಬಣ್ಣದ ಹಂಡೆಯಲ್ಲೂ ಅದು ತೊಂದರೆ ಕೊಟ್ಟೇ ಕೊಡುತ್ತದೆ. ತೊಂದರೆ ಎರಡು ದಾರಿಯಲ್ಲಿ ಬರುತ್ತದೆ. ಆ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು ಕ್ಷಾರ. ಆಸಿಡ್ ಡೈ ಎಳೆಗೆ ಹಿಡಿಯಬೇಕಾದರೆ ನೀರು ಹುಳಿಯಾಗಿರಬೇಕು. ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ) 4ರಿಂದ 5ರ ನಡುವೆ ಇದ್ದರೆ ಒಳ್ಳೆಯದು. ಪುಸ್ತಕಗಳಲ್ಲಿ, ವಿಡಿಯೊಗಳಲ್ಲಿ "ಇಷ್ಟು ಚಮಚ ವಿನಿಗರ್ ಹಾಕಿ" ಅಂತ ಹೇಳುತ್ತಾರಲ್ವಾ, ಅದು ಸುಣ್ಣ ಕಟ್ಟದ ಮೆದು ನೀರಿನ ಲೆಕ್ಕ. ನಮ್ಮ ನೀರಿನಲ್ಲಿ ಬೈಕಾರ್ಬೊನೇಟ್ ಎಂಬ ಕ್ಷಾರ ಜಾಸ್ತಿ. ಹಾಕಿದ ವಿನಿಗರನ್ನು ಮೊದಲು ಅದೇ ತಿಂದು ಮುಗಿಸುತ್ತದೆ. ಲೀಟರಿಗೆ 400 ಮಿಲಿಗ್ರಾಂ ಕ್ಷಾರೀಯತೆ ಇರುವ ನೀರು ಅಂತಿಟ್ಟುಕೊಳ್ಳಿ. ಕುಡಿಯುವ ನೀರಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನದಂಡದಲ್ಲಿ ಬೇರೆ ಮೂಲ ಇಲ್ಲದಿದ್ದಾಗ 600ರ ತನಕ ಒಪ್ಪುತ್ತಾರೆ, ಅಂದರೆ 400 ಏನೂ ಅತಿರೇಕವಲ್ಲ. ಅಂಥ 10 ಲೀಟರ್ ನೀರಿಗೆ ಅಂಗಡಿಯ ವಿನಿಗರ್ 100 ಮಿಲಿಲೀಟರ್ ಸುರಿದರೂ ಅದು ಬಹುಮಟ್ಟಿಗೆ ಕ್ಷಾರ ತೆಗೆಯುವುದಕ್ಕೇ ಖರ್ಚಾಗುತ್ತದೆ. ಎಳೆಗೆ ಬಣ್ಣ ಹಿಡಿಸಲು ಉಳಿಯುವುದು ತೀರಾ ಕಮ್ಮಿ.

ಇದನ್ನು ಕಣ್ಣಾರೆ ನೋಡಬಹುದು. ಒಂದು ಲೋಟ ಬೋರ್ ನೀರನ್ನು ಉಗುರುಬೆಚ್ಚಗೆ ಮಾಡಿ, ಬೆಳಕಿಗೆ ಹಿಡಿದು, ಒಂದು ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ. ಸ್ವಲ್ಪ ಹೊತ್ತಿನಲ್ಲಿ ಲೋಟದ ಒಳಗೋಡೆಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಕೂತುಕೊಳ್ಳುತ್ತವೆ, ಒಂದೊಂದೇ ಮೇಲೇಳುತ್ತವೆ. ಬೈಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತಿದೆ ಅಂತ ಅರ್ಥ. ಪಕ್ಕದಲ್ಲಿ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರಿಗೂ ಅಷ್ಟೇ ಹಾಕಿ ನೋಡಿ. ಅಲ್ಲಿ ಇಷ್ಟು ಗುಳ್ಳೆ ಇರುವುದಿಲ್ಲ.

ಹಾಗಾದರೆ ಎಷ್ಟು ಹುಳಿ ಹಾಕಬೇಕು? ಚಮಚದ ಲೆಕ್ಕ ಬಿಟ್ಟುಬಿಡಿ. ಪಿಎಚ್ ಪಟ್ಟಿ ಇಟ್ಟುಕೊಳ್ಳಿ, ಅದು 4.5ರ ಆಸುಪಾಸು ತೋರಿಸುವ ತನಕ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗಿ. ಎಳೆ ಹಂಡೆಯಲ್ಲಿದ್ದರೆ ಮೊದಲು ಎತ್ತಿ ಪಕ್ಕಕ್ಕಿಡಿ. ಅದರ ಮೇಲೆಯೇ ಹುಳಿ ಸುರಿದರೆ ಆ ಜಾಗದಲ್ಲಿ ಬಣ್ಣ ಗಬಕ್ಕನೆ ಕೂತು ಮಚ್ಚೆಯಾಗುತ್ತದೆ.

ಎರಡನೆಯದು ಸೋಪು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಾರ್ ಸೋಪಿನ ಜೊತೆ ಸೇರಿ ಬೂದು ಬಣ್ಣದ ಅಂಟಂಟು ಕೆನೆ ಕಟ್ಟುತ್ತವೆ. ಬಚ್ಚಲ ಬಕೆಟ್ಟಿನ ಅಂಚಿಗೆ ಕೂರುವುದು ಅದೇ. ಉಣ್ಣೆ ತೊಳೆಯುವಾಗ ಅದು ಎಳೆಗೆ ಮೆತ್ತಿಕೊಂಡರೆ ಬಣ್ಣ ಒಳಗೆ ಇಳಿಯುವುದಿಲ್ಲ. ಅಂಟುವಾಳಕ್ಕೆ ಈ ಕಾಟವಿಲ್ಲ, ಕೆನೆ ಕಟ್ಟುವುದಿಲ್ಲ. ಲಿಕ್ವಿಡ್ ಡಿಟರ್ಜೆಂಟ್ ಕೂಡ ಪರವಾಗಿಲ್ಲ.

ಎಲ್ಲದಕ್ಕೂ ಕ್ಯಾನ್ ನೀರೇ ಬೇಕಾಗಿಲ್ಲ. ಬೋರ್ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿ ಪರೆ ಕಲಕದಂತೆ ಬಗ್ಗಿಸಿಕೊಂಡರೆ ಬೈಕಾರ್ಬೊನೇಟಿನ ಬಹುಭಾಗ ಹೋಗಿರುತ್ತದೆ. ಮಳೆಗಾಲದಲ್ಲಿ ಮಹಡಿ ನೀರನ್ನು ಡ್ರಮ್ಮಿಗೆ ಹಿಡಿದಿಟ್ಟರೆ ಇನ್ನೂ ಸಲೀಸು. ಮೊದಲ ಮಳೆಯ ನೀರು ಮಾತ್ರ ಬಿಟ್ಟುಬಿಡಿ, ದೂಳು ಇರುತ್ತದೆ. ನೆನೆಸುವುದಕ್ಕೆ, ಬಣ್ಣದ ಹಂಡೆಗೆ, ರೇಷ್ಮೆ ಅಂಟು ತೆಗೆಯುವುದಕ್ಕೆ ಮೆದು ನೀರು ಬೇಕು. ಕೊನೆಯಲ್ಲಿ ಜಾಲಿಸುವುದು ಬೋರ್ ನೀರಲ್ಲಾದರೆ ಕಟ್ಟಕಡೆಯ ಬಕೆಟ್ಟಿಗೆ ಸ್ವಲ್ಪ ವಿನಿಗರ್ ಸೇರಿಸಿ.

ಬಣ್ಣ ಬಿಡುತ್ತಿದೆ

ಹೆಚ್ಚು ಜನ ಕೇಳುವುದು ಇದನ್ನೇ. ತಪ್ಪು ಉತ್ತರ ಸಿಗುವುದೂ ಇದಕ್ಕೇ. "ಉಪ್ಪು ಹಾಕಿ ನೆನೆಸಿ, ನಿಲ್ಲುತ್ತೆ" ಅನ್ನುತ್ತಾರೆ. ನಿಲ್ಲುವುದಿಲ್ಲ. ಕಾರಣ ಗೊತ್ತಾಗದೆ ಮದ್ದಿಲ್ಲ.

ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಕ್ಯಾನ್ ನೀರು, ನಾಲ್ಕು ಹನಿ ವಿನಿಗರ್. ಇನ್ನೊಂದರಲ್ಲಿ ಉಗುರುಬೆಚ್ಚಗಿನ ಕ್ಯಾನ್ ನೀರು, ನೀವು ಫೆಲ್ಟ್ ಮಾಡುವಾಗ ಬಳಸುವ ಸೋಪಿನ ಚೂರು. ಎರಡಕ್ಕೂ ಒಂದೊಂದು ಚಿಟಿಕೆ ಬಣ್ಣದ ಎಳೆ ಹಾಕಿ. ಜೊತೆಗೆ ಬಿಳಿ ಹತ್ತಿ ದಾರದ ತುಂಡೊಂದು, ಬಣ್ಣ ಹಾಕದ ಬಿಳಿ ಉಣ್ಣೆಯ ತುಂಡೊಂದು ಹಾಕಿ. ಅರ್ಧ ಗಂಟೆ ಬಿಟ್ಟು ನೋಡಿ.

ಸೋಪಿನ ಲೋಟ ಮಾತ್ರ ಬಣ್ಣವಾಗಿ, ಹುಳಿ ನೀರಿನ ಲೋಟ ತಿಳಿಯಾಗಿದ್ದರೆ ನಿಮ್ಮ ಬಣ್ಣಗಾರಿಕೆಯಲ್ಲಿ ಏನೂ ತಪ್ಪಿಲ್ಲ. ಬಾರ್ ಸೋಪಿನ ಪಿಎಚ್ 9–10 ಇರುತ್ತದೆ. ಹುಳಿಯಲ್ಲಿ ಹಿಡಿದ ಬಣ್ಣ ಬಿಸಿ ಕ್ಷಾರದಲ್ಲಿ ಸಡಿಲವಾಗುತ್ತದೆ. ಅದು ಆಸಿಡ್ ಡೈ ಗುಣ. ಸೋಪು ಬದಲಿಸಿ, ನೀರಿನ ಬಿಸಿ ಕಮ್ಮಿ ಮಾಡಿ, ಫೆಲ್ಟ್ ಮುಗಿದ ಮೇಲೆ ವಿನಿಗರ್ ನೀರಲ್ಲಿ ಅದ್ದಿ ತೆಗೆಯಿರಿ. ಕೆಂಪು ಮತ್ತು ಬಿಳಿ ಪಕ್ಕಪಕ್ಕ ಬರುವ ವಿನ್ಯಾಸವಿದ್ದರೆ ಪರೀಕ್ಷೆ ಮಾಡದೆ ಶುರು ಮಾಡಲೇಬೇಡಿ.

ಎರಡು ಲೋಟವೂ ಬಣ್ಣವಾದರೆ ಒಳಗಿನ ತುಂಡುಗಳನ್ನು ನೋಡಿ. ಹತ್ತಿ ದಾರವೇ ಉಣ್ಣೆಗಿಂತ ಗಾಢವಾಗಿದ್ದರೆ ಆ ಪುಡಿ ಹತ್ತಿಗೆ ಮಾಡಿದ್ದು. ಊರಿನ ಬಣ್ಣದಂಗಡಿಯಲ್ಲಿ ಪೊಟ್ಟಣ ಕಟ್ಟಿಕೊಡುವ ಪುಡಿಯಲ್ಲಿ ಇದು ಸಾಮಾನ್ಯ. ಅದನ್ನು ಉಣ್ಣೆಯ ಮೇಲೆ ಭದ್ರ ಮಾಡುವ ಉಪಾಯವಿಲ್ಲ. ಕಣ್ಣು ಕುಕ್ಕುವ ರಾಣಿ ಬಣ್ಣದ ಪುಡಿಗಳ ಬಗ್ಗೆ ಇನ್ನೂ ಎಚ್ಚರ. ಅವುಗಳಲ್ಲಿ ಎಷ್ಟೋ ರೋಡಮೈನ್-ಬಿ ಜಾತಿಯವು. ಬಾಂಬೆ ಮಿಠಾಯಿಯಲ್ಲಿ ಇದು ಸಿಕ್ಕಿದ್ದಕ್ಕೇ 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಕೃತಕ ಬಣ್ಣದ ಕಾಟನ್ ಕ್ಯಾಂಡಿಯನ್ನು ನಿಷೇಧಿಸಿತು. ರೇಷ್ಮೆಯ ಮೇಲೆ ಮೊದಲ ದಿನ ಝಗಝಗ ಅನ್ನುತ್ತದೆ, ಬಿಸಿಲಿಗೆ ಇಟ್ಟರೆ ಬೇಗ ಸೋಲುತ್ತದೆ.

ಹತ್ತಿ ಬೆಳ್ಳಗೇ ಉಳಿದು, ನೀರು ಮಾತ್ರ ಬಣ್ಣವಾಗಿದ್ದರೆ ಪುಡಿ ಸರಿಯಾದದ್ದೇ, ಹಿಡಿದಿಲ್ಲ ಅಷ್ಟೆ. ಈಗ ತೆಗೆದಿಟ್ಟ ಹಂಡೆ ನೀರಿನ ಲೋಟ ನೋಡಿ. ಬಣ್ಣ ಅದರಲ್ಲೇ ಉಳಿದಿದೆಯಾ? ಪಿಎಚ್ ಪಟ್ಟಿ ಅದ್ದಿ. 6, 7 ತೋರಿಸಿದರೆ ಹುಳಿ ಸಾಲದು, ಕತೆ ಮುಗಿಯಿತು. 4.5 ಇದ್ದೂ ಬಣ್ಣ ಉಳಿದಿದ್ದರೆ ಬಿಸಿ ಸಾಲದು ಇಲ್ಲವೇ ಪುಡಿ ಜಾಸ್ತಿ. ಉಣ್ಣೆಗೆ 85ರಿಂದ 90 ಡಿಗ್ರಿಯಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ ಬೇಕು. ರೇಷ್ಮೆಗೆ 80–85 ಸಾಕು. ಥರ್ಮಾಮೀಟರ್ ಇಲ್ಲದವರು ತಳದಿಂದ ಸಣ್ಣ ಗುಳ್ಳೆ ಏಳುವ ಹದ ನೋಡಿಕೊಳ್ಳಿ. ಮಗುಚಿ ಕುದಿಯಬಾರದು.

ಪುಡಿಯ ಲೆಕ್ಕ ಹೀಗೆ: 100 ಗ್ರಾಂ ಒಣ ಎಳೆಗೆ 1 ಗ್ರಾಂ ಪುಡಿ ಅಂದರೆ ನಡುಮಟ್ಟದ ಬಣ್ಣ. ಗಾಢಕ್ಕೆ 2 ಗ್ರಾಂ. ಕಪ್ಪಿಗೆ ಮಾತ್ರ 4 ಅಥವಾ ಅದರ ಮೇಲೆ. ಕೈಯಳತೆಯಲ್ಲಿ ಹಾಕುವವರು ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ ಹಾಕುತ್ತಾರೆ. ಎಳೆ ಹೊಟ್ಟೆ ತುಂಬ ಕುಡಿದ ಮೇಲೆ ಉಳಿದದ್ದು ಮೇಲೆ ಕೂರುತ್ತದೆ, ಒಣಗಿದ ಮೇಲೆ ಬೆರಳಿಗೆ ಪುಡಿಪುಡಿಯಾಗಿ ಅಂಟುತ್ತದೆ.

ಯಾವುದು ಕಾರಣ ಅಂತ ಖಚಿತ ಮಾಡಿಕೊಳ್ಳಲು ಒಂದು ಹಿಡಿ ಎಳೆಯನ್ನು, ಬಣ್ಣ ಹಾಕದ ಹುಳಿ ನೀರಲ್ಲಿ ಮತ್ತೆ 85 ಡಿಗ್ರಿಗೆ ಅರ್ಧ ಗಂಟೆ ಇಡಿ. ತಾನೇ ಆರಲಿ. ಆಮೇಲೆ ಲೋಟದ ಪರೀಕ್ಷೆ ಮತ್ತೊಮ್ಮೆ ಮಾಡಿ. ನಿಂತಿದ್ದರೆ ಇಡೀ ಲಾಟಿಗೂ ಅದನ್ನೇ ಮಾಡಿ. ನಿಂತಿಲ್ಲವೆಂದರೆ ಪುಡಿ ಜಾಸ್ತಿ, ನೀರು ತಿಳಿಯಾಗುವ ತನಕ ತೊಳೆಯುವುದೊಂದೇ ದಾರಿ. ಟರ್ಕಾಯ್ಸ್ ನೀಲಿ ಮಾತ್ರ ಬೇರೆ ಸ್ವಭಾವದ್ದು. ನಿಧಾನಕ್ಕೆ ಹಿಡಿಯುತ್ತದೆ, ಉಳಿದ ಬಣ್ಣಗಳಿಗಿಂತ ಹೆಚ್ಚು ಹೊತ್ತು ಬೇಕು. ಅದನ್ನು ಅವಸರ ಮಾಡಿದವರ ಹಂಡೆಯಲ್ಲಿ ಕೊನೆಗೆ ತಿಳಿನೀಲಿ ನೀರು ಉಳಿದೇ ಇರುತ್ತದೆ.

ಮಚ್ಚೆ, ಚುಕ್ಕೆ, ಬಿಳಿ ಉಳಿದ ಜಾಗ

ಎಳೆಯನ್ನು ಬಿಡಿಸಿ, ಹಗಲು ಬೆಳಕಿನಲ್ಲಿ ನೋಡಿ. ಬಿಳಿ ಉಳಿದಿರುವುದು ಗಂಟಿನ ಒಳಗೆ ಮಾತ್ರವಾ? ಹಂಡೆ ಚಿಕ್ಕದಾಯಿತು, ಇಲ್ಲವೇ ನೆನೆದಿದ್ದು ಸಾಲದು. ಉಣ್ಣೆ ಮೇಲೆ ಒದ್ದೆಯಾಗಿ ಕಂಡರೂ ಒಳಗೆ ಗಾಳಿ ಇರುತ್ತದೆ. ರೇಷ್ಮೆಯಂತೂ ತೇಲುತ್ತಲೇ ಇರುತ್ತದೆ. ಎರಡು ಹನಿ ಲಿಕ್ವಿಡ್ ಸೋಪು ಹಾಕಿ ರಾತ್ರಿಯೆಲ್ಲ ನೆನೆಸಿ.

ಒಂದೊಂದೇ ಒರಟು ಕೂದಲು ಬಿಳಿಯಾಗಿ, ಚಿಕ್ಕದಾಗಿ, ಗಡುಸಾಗಿ ನಿಂತಿದ್ದರೆ ಅದು ದೋಷವೇ ಅಲ್ಲ. ನಮ್ಮ ಕಡೆಯ ಕಂಬಳಿ ಉಣ್ಣೆಯಲ್ಲಿ ಸತ್ತ ಕೂದಲು ಇದ್ದೇ ಇರುತ್ತದೆ, ಅದರ ಒಳಗೆ ಟೊಳ್ಳು. ಎಷ್ಟು ಬೇಯಿಸಿದರೂ ಬಣ್ಣ ತೋರುವುದಿಲ್ಲ. ಬೇಡವೆಂದರೆ ಹಿಂಜುವಾಗಲೇ ಆರಿಸಬೇಕು. ನನಗಂತೂ ಆ ಚುಕ್ಕೆ ಇಷ್ಟ, ದಪ್ಪ ನೂಲಿಗೆ ಅದೊಂದು ಕಳೆ ಕೊಡುತ್ತದೆ.

ಮೋಡದ ಹಾಗೆ ಅಲ್ಲಲ್ಲಿ ಮಾಸಲಾಗಿದ್ದರೆ ಜಿಡ್ಡು ಇಲ್ಲವೇ ಸೋಪಿನ ಕೆನೆ. ಬೇರ್ಪಡಿಸುವುದು ಸುಲಭ. ಆ ಜಾಗದ ಒಣ ಎಳೆಯನ್ನು ಕಂದು ಕಾಗದದ ನಡುವೆ ಇಟ್ಟು ಬೆಚ್ಚಗಿನ ಇಸ್ತ್ರಿ ಒತ್ತಿ. ಕಾಗದದ ಮೇಲೆ ಎಣ್ಣೆ ಕಲೆ ಬಿದ್ದು, ಕುರಿ ವಾಸನೆ ಬಂದರೆ ಉಣ್ಣೆಯ ಜಿಡ್ಡು. ಆ ಜಿಡ್ಡು ಕರಗುವುದು 40 ಡಿಗ್ರಿ ಹತ್ತಿರ. ತಣ್ಣೀರಲ್ಲಿ ತೊಳೆದರೆ ಹೋಗುವುದಿಲ್ಲ, 60 ಡಿಗ್ರಿ ನೀರಲ್ಲಿ ಡಿಟರ್ಜೆಂಟ್ ಹಾಕಿ, ಉಜ್ಜದೆ ಇಟ್ಟು, ಬಿಸಿ ಇಳಿಯುವ ಮೊದಲೇ ತೆಗೆಯಬೇಕು. ಕಲೆ ಬೀಳದೆ ಎಳೆ ಕೈಗೆ ಮಂಕಾಗಿ, ಅಂಟಂಟಾಗಿ ಸಿಕ್ಕಿದರೆ ಸೋಪಿನ ಕೆನೆ. ಮೊದಲು ವಿನಿಗರ್ ನೀರು, ಆಮೇಲೆ ಡಿಟರ್ಜೆಂಟ್. ಬರೀ ವಿನಿಗರ್ ಸಾಲದು. ಅದು ಕೆನೆಯನ್ನು ಒಡೆಯುತ್ತದೆಯೇ ಹೊರತು ಒಳಗಿನ ಕೊಬ್ಬು ಎಳೆಯ ಮೇಲೆಯೇ ಉಳಿಯುತ್ತದೆ.

ಗಾಢ ಚುಕ್ಕೆಗಳು ಅಂದರೆ ಕರಗದ ಪುಡಿ. ಬಿಸಿನೀರಲ್ಲಿ ಕಲಸಿ ಬಟ್ಟೆಯಲ್ಲಿ ಸೋಸಿ. ನೇರಳೆ ಹಾಕಿದ್ದು ಗುಲಾಬಿ, ನೀಲಿ ಅಂತ ಒಡೆದುಹೋದರೆ ಹುಳಿ ಮೊದಲೇ ಜಾಸ್ತಿ ಆಗಿದೆ. ಕೆಂಪು ಬೇಗ ಓಡಿ ಕೂತಿದೆ, ನೀಲಿ ಹಿಂದೆ ಬಿದ್ದಿದೆ. ಹುಳಿಯನ್ನು ಬಿಸಿ ಏರಿದ ಮೇಲೆ ಕಂತಿನಲ್ಲಿ ಕೊಡಿ.

ರೇಷ್ಮೆ ಗರಿಗರಿ, ಮಂಕು

ಶಿಡ್ಲಘಟ್ಟದಲ್ಲಿ ಗೂಡಿನ ನೂಲು ಬಿಚ್ಚುವ ರೀಲರ್‌ಗಳಿಂದ ಬರುವ ತ್ಯಾಜ್ಯವಾಗಲಿ, ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಿಂದ ಬರುವ ಚಿಟ್ಟೆ ಹೊರಟ ತೂತು ಗೂಡಾಗಲಿ, ಅದರ ತೂಕದ ಕಾಲು ಭಾಗದಷ್ಟು ಸೆರಿಸಿನ್ ಎಂಬ ಅಂಟು. ನೂಲು ಬಿಚ್ಚುವಾಗ ಬಿಸಿನೀರಲ್ಲಿ ಅದು ಮೆತ್ತಗಾಗುತ್ತದೆ ಅಷ್ಟೆ, ಪೂರ್ತಿ ಹೋಗುವುದಿಲ್ಲ. ಅಂಟು ಇರುವಾಗಲೇ ಬಣ್ಣ ಹಾಕಿದರೆ ಬಣ್ಣವನ್ನು ಮೊದಲು ಕುಡಿಯುವುದು ಆ ಅಂಟು. ನೋಡಲು ಭರ್ಜರಿ ಗಾಢ. ಮುಂದೆ ಸೋಪಿನ ಬಿಸಿನೀರು ತಗುಲಿದಾಗ ಅಂಟಿನ ಜೊತೆ ಬಣ್ಣವೂ ಇಳಿದುಹೋಗುತ್ತದೆ. ಹಿಂದೆ ಹೇಳಿದ ಲೋಟದ ಪರೀಕ್ಷೆಯಲ್ಲಿ ರೇಷ್ಮೆ ಮಾತ್ರ ಸೋತು ಉಣ್ಣೆ ಪಾಸಾದರೆ ಇದನ್ನೇ ಹಿಡಿಯಿರಿ.

ಪರೀಕ್ಷೆಗೆ ಒಂದು ಎಳೆ ಒದ್ದೆ ಮಾಡಿ ಹೆಬ್ಬೆರಳು, ತೋರುಬೆರಳ ನಡುವೆ ಹೊಸೆಯಿರಿ. ಲೋಳೆಯಂತೆ ಜಾರಿದರೆ ಅಂಟಿದೆ. ಒಣಗಿದ ಮೇಲೆ ಅದೇ ಎಳೆ ಹುಲ್ಲುಕಡ್ಡಿಯಂತೆ ನೆಟ್ಟಗೆ ನಿಲ್ಲುತ್ತದೆ. ಅಂಟು ಹೋದದ್ದು ಮೆತ್ತಗೆ ಜೋಲುತ್ತದೆ, ಹಿಸುಕಿದರೆ ಕರಕರ ಅಂತ ಸಣ್ಣ ಸದ್ದು ಬರುತ್ತದೆ. ಮಿಶ್ರತಳಿ ಗೂಡಿನದ್ದಾದರೆ ಇನ್ನೊಂದು ಗುರುತು ಉಂಟು. ಅದರ ಹಳದಿ ಬಣ್ಣ ಹೆಚ್ಚಾಗಿ ಇರುವುದು ಅಂಟಿನಲ್ಲೇ. ಸರಿಯಾಗಿ ಬೇಯಿಸಿದರೆ ಎಳೆ ಬಹುತೇಕ ಬೆಳ್ಳಗಾಗುತ್ತದೆ. ನೀಲಿ ಹಾಕಿದ್ದು ಹಸಿರು ಹೊಡೆಯುತ್ತಿದ್ದರೆ ಕಾರಣ ಅಲ್ಲಿದೆ. ದ್ವಿತಳಿ ಗೂಡು ಮೊದಲೇ ಬಿಳಿ, ಅದರಲ್ಲಿ ಈ ಗುರುತು ಸಿಗುವುದಿಲ್ಲ.

ಅಂಟು ತೆಗೆಯಲು 100 ಗ್ರಾಂ ರೇಷ್ಮೆಗೆ 3–4 ಲೀಟರ್ ಮೆದು ನೀರು, 25 ಗ್ರಾಂ ಸಾದಾ ಸೋಪು, 3–4 ಗ್ರಾಂ ವಾಷಿಂಗ್ ಸೋಡಾ. 90 ಡಿಗ್ರಿ ಮೇಲೆ, ಕುದಿಗಿಂತ ಸ್ವಲ್ಪ ಕೆಳಗೆ, ಮುಕ್ಕಾಲರಿಂದ ಒಂದು ಗಂಟೆ. ಇದನ್ನು ಬೋರ್ ನೀರಲ್ಲಿ ಮಾಡಿದರೆ ಅಂಟು ಹೋಗಿ ಸೋಪಿನ ಕೆನೆ ಬಂದು ಕೂರುತ್ತದೆ. ಚೆನ್ನಾಗಿ ಜಾಲಿಸಿ ಒಣಗಿಸಿ, ತೂಕ ಮಾಡಿ. 100 ಗ್ರಾಂ ಇದ್ದದ್ದು 75–80ಕ್ಕೆ ಬಂದಿರಬೇಕು. 92 ಇದ್ದರೆ ಅಂಟು ಇನ್ನೂ ಒಳಗಿದೆ, ಮತ್ತೆ ಬೇಯಿಸಿ. ತೂಕಕ್ಕಿಂತ ನಂಬಿಕಸ್ತ ಸಾಕ್ಷಿ ಇಲ್ಲ. ಹುಳದ ಚೂರು ಉಳಿದ ತ್ಯಾಜ್ಯದಲ್ಲಿ ತೂಕ ಇನ್ನೂ ಜಾಸ್ತಿ ಇಳಿಯುತ್ತದೆ, ವಾಸನೆಯೂ ಇರುತ್ತದೆ. ಹುಳದ ಎಣ್ಣೆ ತಗುಲಿದ ಕಡೆ ಬಣ್ಣ ಕೂರುವುದಿಲ್ಲ, ಬೇಯಿಸುವ ಮೊದಲೇ ಆ ಚೂರು ಕೊಡವಿಬಿಡಿ.

ಬಣ್ಣ ಹಾಕಿಯಾಯಿತು, ಈಗ ಅಂಟು ಗೊತ್ತಾಯಿತು ಅಂದರೆ? ಬೇಯಿಸಿದರೆ ಬಣ್ಣ ಹೋಗುತ್ತದೆ. ಹೋಗಲಿ, ಮತ್ತೆ ಹಾಕಿ. ಉಣ್ಣೆಯ ಜೊತೆ ಬೆರೆಸಿಬಿಟ್ಟಿದ್ದರೆ ಮಾತ್ರ ಈ ದಾರಿ ಮುಚ್ಚಿತು. ಸೋಡಾ ಬಿಸಿಗೆ ಉಣ್ಣೆ ತಾಳುವುದಿಲ್ಲ.

ಉಣ್ಣೆ, ರೇಷ್ಮೆ ಒಂದೇ ಹಂಡೆಯಲ್ಲಿ ಹಾಕಿದಾಗ ಒಂದು ತೆಳು, ಒಂದು ಗಾಢ ಬರುವುದು ಸಹಜ. ಬಿಸಿ ಕಮ್ಮಿ ಇರುವಾಗ ರೇಷ್ಮೆ ಮುಂದೆ ಇರುತ್ತದೆ, ಕುದಿಯ ಹತ್ತಿರ ಉಣ್ಣೆ ಎಳೆದುಕೊಳ್ಳುತ್ತದೆ. ರೇಷ್ಮೆಯೇ ಎದ್ದು ಕಂಡರೆ ಹಂಡೆ ಸರಿಯಾಗಿ ಬಿಸಿಯಾಗಿಲ್ಲ ಅಂತ ತಿಳಿಯಿರಿ.

ಗಂಟು ಕಟ್ಟಿದೆ, ಅಥವಾ ಕಟ್ಟಬೇಕಾದಲ್ಲಿ ಕಟ್ಟುತ್ತಿಲ್ಲ

ಹಂಜಿ ಬಿಡಿಸಲಾಗದಂತೆ ಹಗ್ಗವಾಗಿದ್ದರೆ ಕಾರಣ ಕಲಕಿದ್ದು, ಇಲ್ಲವೇ ಬಿಸಿಯಿಂದ ನೇರ ತಣ್ಣೀರಿಗೆ ಹಾಕಿದ್ದು. ಸ್ವಲ್ಪ ಗಟ್ಟಿಯಾಗಿದ್ದರೆ ಅಡ್ಡಕ್ಕೆ ಎಳೆದು, ಹಿಂಜಿ ಉಳಿಸಿಕೊಳ್ಳಬಹುದು. ಪೂರ್ತಿ ಕಟ್ಟಿದ್ದು ನೂಲಿಗೆ ಬರುವುದಿಲ್ಲ.

ಫೆಲ್ಟ್ ಆಗದಿದ್ದರೆ ಬಣ್ಣ ಹಾಕಿದ ಒಂದು ಚಿಟಿಕೆ, ಹಾಕದ ಒಂದು ಚಿಟಿಕೆ ತೆಗೆದುಕೊಂಡು ಸೋಪು ನೀರಲ್ಲಿ ಅಂಗೈ ಮೇಲೆ ಉರುಟಿ. ಎರಡೂ ಉಂಡೆ ಕಟ್ಟದಿದ್ದರೆ ಉಣ್ಣೆಯ ಗುಣವೇ ಅದು. "ಮೆಷಿನ್ ವಾಶ್ ಆಗುತ್ತದೆ" ಅನ್ನುವ ಸೂಪರ್‌ವಾಶ್ ಉಣ್ಣೆಯ ಹುರುಪೆಗಳನ್ನು ಸವೆಸಿಯೋ ಮುಚ್ಚಿಯೋ ಇರುತ್ತಾರೆ, ಅದು ಜನ್ಮದಲ್ಲಿ ಫೆಲ್ಟ್ ಆಗುವುದಿಲ್ಲ. ಒರಟು ಕಂಬಳಿ ಉಣ್ಣೆ ಆಗುತ್ತದೆ, ಆದರೆ ತಾಳ್ಮೆ ಬೇಕು. ಮೆರಿನೊ ಸ್ವಲ್ಪ ಬೆರೆಸಿದರೆ ಬೇಗ. ಬಣ್ಣ ಹಾಕಿದ್ದು ಮಾತ್ರ ಕಟ್ಟದಿದ್ದರೆ ಹಂಡೆಯಲ್ಲೇ ಅರ್ಧ ಫೆಲ್ಟ್ ಆಗಿ ಮುಗಿದಿದೆ, ಇಲ್ಲವೇ ಕೊನೆಯಲ್ಲಿ ಸಾಫ್ಟ್‌ನರ್ ಬಿದ್ದಿದೆ. ರೇಷ್ಮೆ ಎದ್ದು ಬರುತ್ತಿದ್ದರೆ ಪದರ ದಪ್ಪವಾಗಿದೆ. ರೇಷ್ಮೆ ತಾನಾಗಿ ಫೆಲ್ಟ್ ಆಗದು. ಉಣ್ಣೆಯ ಎಳೆ ಅದರ ನಡುವಿಂದ ನುಗ್ಗಿ ಹಿಡಿದುಕೊಳ್ಳಬೇಕು. ಬಲೆಯಷ್ಟು ತೆಳುವಾಗಿ ಹಾಸಿ, ಮೇಲೆ ಒಂದೆರಡು ಎಳೆ ಉಣ್ಣೆ ಉದುರಿಸಿ.

ನೂಲುವಾಗ ಕಡಿಯುತ್ತಿದೆ

ಸಣ್ಣ ಎಳೆಗುಚ್ಛದ ಎರಡು ತುದಿ ಹಿಡಿದು ಕಿವಿ ಹತ್ತಿರ ಫಟ್ ಅಂತ ಎಳೆಯಿರಿ. ಟಣ್ ಅಂದರೆ ಉಣ್ಣೆ ಗಟ್ಟಿ, ತೊಂದರೆ ನಿಮ್ಮ ತಿರುವಿನಲ್ಲೋ ತಕಲಿಯ ಭಾರದಲ್ಲೋ ಇದೆ. ಚರಚರ ಅಂದರೆ ಎಳೆಯೇ ಸತ್ತಿದೆ. ಬಣ್ಣ ಹಾಕದ ಉಣ್ಣೆಯನ್ನೂ ಹೀಗೇ ಎಳೆದು ನೋಡಿ. ಅದೂ ಕಡಿದರೆ ಕುರಿ ಮೇವಿಲ್ಲದೆ ಸೊರಗಿದ್ದ ಕಾಲದ ಉಣ್ಣೆ ಇರಬಹುದು. ಬಣ್ಣದ್ದು ಮಾತ್ರ ಕಡಿದರೆ ಕುದಿ, ಸೋಡಾ ಎರಡರಲ್ಲಿ ಒಂದು.

ರೇಷ್ಮೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೈಗೆ, ಸೀರೆಗೆಲ್ಲ ಅಂಟಿಕೊಂಡು ಹಾರಾಡುತ್ತದೆ. ಅದು ಬರೀ ಒಣಹವೆ. ಸುಮ್ನೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಮುಚ್ಚಿಟ್ಟು ನೂಲಿ.

ಗಿಡದ ಬಣ್ಣ ಮಂಕಾದರೆ

ಚಿಕ್ಕಬಳ್ಳಾಪುರದ ಚೆಂಡು ಹೂವಿನ ಹಳದಿ ಪಾಚಿ ಬಣ್ಣಕ್ಕೆ ತಿರುಗಿತಾ? ನೀರಲ್ಲೋ ಪಾತ್ರೆಯಲ್ಲೋ ಕಬ್ಬಿಣ ಇದೆ. ಒಂದು ಲೋಟ ನೀರಿಗೆ ಒಂದು ಚಮಚ ಹಾಲಿಲ್ಲದ ಟೀ ಡಿಕಾಕ್ಷನ್ ಹಾಕಿ. ಬೂದುಗಪ್ಪಾದರೆ ಕಬ್ಬಿಣ ಖಂಡಿತ. ಸ್ಟೀಲ್ ಪಾತ್ರೆಗೆ ಬದಲಿಸಿ, ಹಂಡೆಯ ಹಿಡಿ ತುಕ್ಕು ಹಿಡಿದಿದೆಯಾ ನೋಡಿ. ಅರಗಿನ ಕೆಂಪು ನೇರಳೆಗೆ ಹೊರಳಿದ್ದರೆ ಮತ್ತೆ ಅದೇ ಕ್ಷಾರದ ನೀರು. ಹುಳಿ ನೀರಲ್ಲಿ ಅದ್ದಿದರೆ ಕೆಂಪು ಬಹುಮಟ್ಟಿಗೆ ವಾಪಸ್ ಬರುತ್ತದೆ. ಎಳೆ ಅಂಟಂಟಾಗಿದ್ದರೆ ಬಣ್ಣ ಹಿಡಿಸಲು ಹಾಕುವ ಪಟಿಕ ಜಾಸ್ತಿಯಾಗಿದೆ. ಉಣ್ಣೆಯ ತೂಕದ ನೂರಕ್ಕೆ 10–15 ಭಾಗ ಸಾಕು.

ಬಣ್ಣ ತೊಳೆದರೆ ಹೋಗುತ್ತಿಲ್ಲ, ಆದರೆ ವಾರದಲ್ಲೇ ಬಿಳಿಚಿಕೊಳ್ಳುತ್ತದೆ ಅನ್ನುವವರು ಒಂದು ರಟ್ಟಿಗೆ ಎಳೆ ಸುತ್ತಿ, ಅರ್ಧ ಭಾಗಕ್ಕೆ ಇನ್ನೊಂದು ರಟ್ಟು ಮುಚ್ಚಿ, ತಾರಸಿ ಮೇಲೆ ಇಡಿ. ನಮ್ಮ ಬೇಸಿಗೆ ಬಿಸಿಲಿಗೆ ಒಂದು ವಾರ ಸಾಕು. ಎರಡು ಭಾಗದ ನಡುವೆ ಗೆರೆ ಎದ್ದು ಕಂಡರೆ ಆ ಬಣ್ಣ ಮಾರುವುದಕ್ಕಲ್ಲ. ಅರಿಶಿನ ಎಲ್ಲಕ್ಕಿಂತ ಮೊದಲು ಹೋಗುತ್ತದೆ, ಪಟಿಕ ಎಷ್ಟು ಹಾಕಿದರೂ ಅಷ್ಟೇ. ಹಳದಿಯೇ ಬೇಕು ಅಂದರೆ ದಾಳಿಂಬೆ ಸಿಪ್ಪೆ ಅಥವಾ ಹಲಸಿನ ಮರದ ಚಕ್ಕೆಗೆ ಹೋಗಿ.